ದೂರು ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ?

ಪ್ರಶ್ನೆ: ಪರಿಹಾರ ಸಂಸ್ಥೆಯೊಂದರಲ್ಲಿ ಸ್ವಯಂಸೇವಕನಾಗಿದ್ದೇನೆ. ಶಿಬಿರದಲ್ಲಿ ಕಿಟ್ ಪಟ್ಟಿ ಬರೆಯುವವನು ಹೆಸರು ಸೇರಿಸಲು ದುಡ್ಡು ಕೇಳುತ್ತಾನೆ. ಮೇಲಿನವರಿಗೆ ಹೇಳಿದೆ. ‘ಸುದ್ದಿ ಹೊರಗೆ ಹೋದರೆ ದಾನಿಗಳು ಕೈ ಬಿಡುತ್ತಾರೆ, ಜನ ಉಪವಾಸ ಬೀಳುತ್ತಾರೆ, ಸುಮ್ನಿರು’ ಅಂದರು. ಸುಮ್ಮನಿರಲಾ?
– ಹೆಸರು ಬೇಡ ಎಂದಿರುವ ಓದುಗ

ಉತ್ತರ: ಸುಮ್ಮನಿರಬೇಡಿ. ಹಾಗಂತ ಇವತ್ತೇ ಫೇಸ್‌ಬುಕ್‌ಗೆ ಹಾಕಲೂ ಬೇಡಿ.

ನಿಮ್ಮ ಮೇಲಿನವರು ಆಡಿದ ಮಾತನ್ನು ಪರಿಹಾರ ಕೆಲಸದಲ್ಲಿದ್ದಾಗ ನಾನೂ ಕೇಳಿದ್ದೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಡಿಯೂ ಇದ್ದೇನೆ.

ಒಂದು ಶಿಬಿರದಲ್ಲಿ ದೂರು ಪೆಟ್ಟಿಗೆ ಇಟ್ಟಿದ್ದೆವು. ತಗಡಿನ ಡಬ್ಬ, ಮೇಲೊಂದು ಸೀಳು, ಪುಟ್ಟ ಬೀಗ. ಗೋದಾಮಿನ ಬಾಗಿಲ ಪಕ್ಕದ ಕಂಬಕ್ಕೆ ಮೊಳೆ ಹೊಡೆದು ಕೂರಿಸಿದ್ದರು. ಮೂರು ತಿಂಗಳಲ್ಲಿ ಬಿದ್ದದ್ದು ಎರಡೇ ಚೀಟಿ, ಎರಡರಲ್ಲೂ ‘ಧನ್ಯವಾದ’. ವರದಿಯಲ್ಲಿ ‘ದೂರುಗಳು: 0’ ಅಂತ ಬರೆದೆ. ಹೆಮ್ಮೆಯಿಂದಲೇ ಬರೆದೆ. ಒಂದು ದಿನ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಕೇಳಿದರು, ‘ಅದರ ಬೀಗದ ಕೈ ಯಾರ ಹತ್ರ ಇದೆ ಮಗಳೇ?’ ಗೋದಾಮು ನೋಡಿಕೊಳ್ಳುವವನ ಸೊಂಟದ ಗೊಂಚಲಲ್ಲಿತ್ತು. ಅಳತೆಯಲ್ಲಿ ಕೈಚಳಕ ತೋರಿಸುತ್ತಿದ್ದವನೂ ಅವನೇ. ಇಡೀ ಶಿಬಿರಕ್ಕೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಪೆಟ್ಟಿಗೆಯನ್ನು ನೀರಿನ ನಲ್ಲಿ ಹತ್ತಿರ ಸಾಗಿಸಿದೆವು. ಬೀಗದ ಕೈ ಶಿಬಿರದ ಹೊರಗಿನ ಕಚೇರಿಗೆ ಹೋಯಿತು. ಓದು ಬರಹ ಬಾರದವರ ಮಾತು ಕೇಳಲು ವಾರಕ್ಕೊಮ್ಮೆ ಒಬ್ಬ ಹೆಂಗಸು ಬಂದು ಕೂತರು. ಮೊದಲ ವಾರವೇ ಡಬ್ಬ ತುಂಬಿತು. ಮೇಲಿನವರಿಗೆ ಗಾಬರಿ. ನನಗೆ ಮಾತ್ರ ಆ ತಿಂಗಳ ವರದಿಯೇ ನಂಬುವಂಥದ್ದು ಅನ್ನಿಸಿತು.

ಮುಚ್ಚಿಟ್ಟರೆ ದಾನಿಗಳು ಉಳಿಯುತ್ತಾರೆ ಅನ್ನೋ ಲೆಕ್ಕವೂ ತಪ್ಪು. ಹೈಟಿಯಲ್ಲಿ 2010ರ ಭೂಕಂಪದ ನಂತರ ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್‌ನ ಕೆಲವು ಸಿಬ್ಬಂದಿಯ ಲೈಂಗಿಕ ದುರ್ನಡತೆ ಬಗ್ಗೆ 2011ರಲ್ಲೇ ಒಳಗೊಳಗೆ ತನಿಖೆ ಆಗಿತ್ತು. ಕೆಲವರನ್ನು ತೆಗೆದರು, ಕೆಲವರು ರಾಜೀನಾಮೆ ಕೊಟ್ಟು ಹೋದರು. ಆದರೆ ನಡೆದದ್ದೇನು ಅಂತ ಪೂರ್ತಿ ಹೊರಗೆ ಹೇಳಲಿಲ್ಲ. 2018ರ ಫೆಬ್ರವರಿಯಲ್ಲಿ ಪತ್ರಿಕೆಯೊಂದು ಬಯಲು ಮಾಡಿದಾಗ ಸಾವಿರಾರು ದಾನಿಗಳು ಕೈಬಿಟ್ಟರು. ಜನರನ್ನು ಜಾಸ್ತಿ ಕೆರಳಿಸಿದ್ದು ಏಳು ವರ್ಷದ ಮೌನ.

ಈಗ ನೀವು ಮಾಡಬೇಕಾದದ್ದು. ಕಂಡದ್ದನ್ನು ಕಂಡ ದಿನವೇ ಬರೆದಿಡಿ: ದಿನಾಂಕ, ಜಾಗ, ಎಷ್ಟು ಕೇಳಿದ. ದುಡ್ಡು ಕೊಟ್ಟವರ ಹೆಸರು ಮಾತ್ರ ಬೇಡ. ಆ ಕಾಗದ ಯಾರ ಕೈಗಾದರೂ ಸಿಕ್ಕರೆ ಮುಂದಿನ ಕಿಟ್ ತಪ್ಪುವುದು ಅವರಿಗೇ. ಆಮೇಲೆ ನಿಮ್ಮ ಮೇಲಿನವರನ್ನು ದಾಟಿ ಹೋಗಿ. ಬಹಳಷ್ಟು ಸಂಸ್ಥೆಗಳಲ್ಲಿ ಶಿಬಿರದ ಆಡಳಿತಕ್ಕೆ ಸೇರದ ದೂರು ವಿಭಾಗ ಇರುತ್ತದೆ. ದೊಡ್ಡ ದಾನಿಗಳ ಒಪ್ಪಂದದಲ್ಲಿ ವಂಚನೆ ಗೊತ್ತಾದ ಕೂಡಲೇ ತಿಳಿಸಬೇಕು ಅಂತ ಸಾಮಾನ್ಯವಾಗಿ ಷರತ್ತೇ ಇರುತ್ತದೆ. ಮುಚ್ಚಿಟ್ಟರೆ ಒಪ್ಪಂದ ಮುರಿದ ಹಾಗೆ. ಇದನ್ನು ನಿಮ್ಮ ಮೇಲಿನವರಿಗೊಮ್ಮೆ ನೆನಪಿಸಿ ನೋಡಿ.

ನಾಳೆಯೇ ಆಗುವ ಕೆಲಸವೂ ಒಂದಿದೆ. ಹಂಚುವ ಮೊದಲು, ಅಲ್ಲಿಯವರ ಭಾಷೆಯಲ್ಲಿ, ‘ಹೆಸರು ಬರೆಸಲು ದುಡ್ಡು ಕೊಡಬೇಕಿಲ್ಲ, ಕಿಟ್‌ನಲ್ಲಿ ಇಷ್ಟಿಷ್ಟು ಇರಬೇಕು’ ಅಂತ ಮೈಕ್‌ನಲ್ಲಿ ಹೇಳಿಸಿ. ಪಟ್ಟಿಯನ್ನೇ ಗೋಡೆಗೆ ಅಂಟಿಸಿ ಅನ್ನುವವರೂ ಇದ್ದಾರೆ. ನೆರೆ ಬಂದ ಕಡೆ ಸರಿ. ಯುದ್ಧದಿಂದ ಓಡಿ ಬಂದವರ ಹೆಸರು ಅಂಟಿಸಿದರೆ, ಅವರನ್ನು ಹುಡುಕುತ್ತಿರುವವರಿಗೆ ವಿಳಾಸ ಕೊಟ್ಟಂತೆ.

ಪ್ರಶ್ನೆ: ನೆರವು ಪಡೆಯುವವರ ಫೋಟೊ ತೆಗೆಯದಿದ್ದರೆ ಲೆಕ್ಕ ಕೊಡುವುದು ಹೇಗೆ?
– ಓದುಗಿ

ಉತ್ತರ: ಸಹಿ, ಹೆಬ್ಬೆಟ್ಟು, ದಾಸ್ತಾನು ಪುಸ್ತಕ, ಆಮೇಲೆ ಮನೆಮನೆಗೆ ಹೋಗಿ ವಿಚಾರಣೆ. ಇಷ್ಟು ಸಾಕು. ಒಬ್ಬರಿಗೆ ಮೂರು ಸಲ ಅಕ್ಕಿ ಚೀಲ ಕೊಟ್ಟು, ಮೂರು ಸಲ ವಾಪಸ್ ಇಸಿದುಕೊಂಡದ್ದನ್ನು ನೋಡಿದ್ದೇನೆ. ಬ್ಯಾನರ್ ಫೋಟೊದಲ್ಲಿ ಬಂದಿರಲಿಲ್ಲವಂತೆ! ಹಸಿದವರನ್ನು ಸಾಲಿನಲ್ಲಿ ನಿಲ್ಲಿಸಿ ‘ಫೋಟೊ ಪರವಾಗಿಲ್ವಾ?’ ಅಂದರೆ ಯಾರು ಬೇಡ ಅಂತಾರೆ? ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು 1994ರಲ್ಲಿ ಮಾಡಿಕೊಂಡ ನೀತಿಸಂಹಿತೆಯಲ್ಲಿ ಹತ್ತು ಅಂಶಗಳಿವೆ. ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು ಅನ್ನುವುದು ಹತ್ತನೆಯದು. ಅದರ ಹಿಂದಿನದ್ದು, ದಾನಿಗಳಿಗೆ ಹೇಗೋ ನೆರವು ಪಡೆಯುವವರಿಗೂ ಹಾಗೇ ಉತ್ತರ ಕೊಡಬೇಕು ಅನ್ನುತ್ತದೆ.

ಪ್ರಶ್ನೆ: ಅಕ್ಕಿ ಬಂದೂಕಿನವರ ಪಾಲಾಗುತ್ತೆ ಅಂತ ಗೊತ್ತಾದರೆ ನಿಲ್ಲಿಸಬೇಕಾ?
– ಇನ್ನೊಬ್ಬ ಓದುಗ

ಉತ್ತರ: ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ರುವಾಂಡಾ ನರಮೇಧದ ನಂತರ, 1994ರಲ್ಲಿ, ಆಗ ಜೈರ್ ಎನ್ನುತ್ತಿದ್ದ, ಈಗಿನ ಕಾಂಗೋ ದೇಶದ ಗೋಮಾ ಊರಿನ ಸುತ್ತಲ ನಿರಾಶ್ರಿತರ ಶಿಬಿರಗಳಲ್ಲಿ ಕೊಂದವರೇ ಯಜಮಾನರಾಗಿದ್ದರು. ಆಹಾರದ ಪಟ್ಟಿಯೂ ಅವರ ಹಿಡಿತದಲ್ಲಿತ್ತು. ವೈದ್ಯಕೀಯ ನೆರವು ಕೊಡುವ ಸಂಸ್ಥೆ ಎಂ.ಎಸ್.ಎಫ್.ನ (ಗಡಿಗಳಿಲ್ಲದ ವೈದ್ಯರು) ಫ್ರೆಂಚ್ ವಿಭಾಗ ಅದೇ ವರ್ಷ ಹೊರಟುಹೋಯಿತು. ಮಕ್ಕಳೂ ಇದ್ದಾರಲ್ಲ ಅಂತ ಎಷ್ಟೋ ಸಂಸ್ಥೆಗಳು ಉಳಿದವು. ಹೋದವರನ್ನು ಬಯ್ಯಲಾರೆ, ಉಳಿದವರನ್ನೂ ಬಯ್ಯಲಾರೆ. ಉಳಿಯುವುದಾದರೆ ಮುಖಂಡರ ಕೈಗೆ ಮೂಟೆ ಕೊಡಬೇಡಿ, ಒಂದೊಂದು ಕುಟುಂಬದವರನ್ನೂ ಕರೆದು ಅವರ ಕೈಗೇ ಕೊಡಿ. ನಿಧಾನ ಆಗುತ್ತೆ, ಆಗಲಿ.