ರಸ್ತೆ ಅಗಲ ಮಾಡಿದರೆ ಪೇಟೆಗೆ ಗಿರಾಕಿ ಬರುತ್ತಾರಾ?

ಪ್ರಶ್ನೆ: ಮೇಡಂ, ಮಡಿಕೇರಿಯ ಮಹದೇವಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಅಪ್ಪನ ಕಾಲದ್ದು. ಶುಕ್ರವಾರ ಸಂತೆಯ ದಿನ ಬಿಟ್ಟರೆ ವ್ಯಾಪಾರ ಅಷ್ಟಕ್ಕಷ್ಟೆ. ಪ್ರವಾಸಿಗಳ ಕಾರುಗಳೆಲ್ಲ ರಾಜಾಸೀಟ್ ಕಡೆಗೇ ಹೋಗುತ್ತವೆ. ರಸ್ತೆ ಅಗಲ ಮಾಡಿ, ಬಹುಮಹಡಿ ಪಾರ್ಕಿಂಗ್ ಕಟ್ಟಿಸಿ ಎಂದು ನಾವು ಕೆಲವು ವರ್ತಕರು ಮನವಿ ಕೊಡುವವರಿದ್ದೇವೆ. ಊರು ಮುಂದಕ್ಕೂ ಬೆಳೆಯಬೇಕಲ್ವಾ? ಮನವಿಯಲ್ಲಿ ಇನ್ನೇನು ಸೇರಿಸಬೇಕು?
– ಒಬ್ಬ ಅಂಗಡಿಯವರು, ಮಡಿಕೇರಿ

ಉತ್ತರ: ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಜೋರು ಮಳೆ ಹೊಯ್ಯುವಾಗ ಕೊಡೆ ಹಿಡಿದು, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಮ್ಮ ಅಂಗಡಿಯಿಂದ ಚೌಕಿವರೆಗೆ ನಡೆದುಹೋಗಿ. ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು, ಎಲ್ಲಿ ಚಪ್ಪಡಿ ಅಲುಗಾಡಿತು, ಎಲ್ಲಿ ಬೈಕ್ ಅಡ್ಡ ನಿಂತಿತ್ತು, ಬರೆದಿಟ್ಟುಕೊಳ್ಳಿ. ನಿಮ್ಮ ಮನವಿ ಆ ಚೀಟಿಯಿಂದ ಶುರುವಾಗಲಿ.

ನಿಮ್ಮ ಬಟ್ಟೆ ಕೊಳ್ಳುವವರು ಯಾರು? ತೋಟದ ಕಾರ್ಮಿಕರ ಲೈನ್ ಮನೆಯಿಂದ, ಸುತ್ತಲ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಇಳಿದವರು. ಬೆಂಗಳೂರಿನಿಂದ ಬಂದವರು ಕರಿಮೆಣಸು, ಕಾಫಿಪುಡಿ ಕೊಂಡಾರು, ಸೀರೆಗೆ ನಿಮ್ಮಲ್ಲಿಗೆ ಬರುವುದು ಅಪರೂಪ. ರಸ್ತೆ ಅಗಲವಾದರೆ ಕಾರುಗಳು ಇನ್ನೂ ಬೇಗ ನಿಮ್ಮನ್ನು ದಾಟಿ ಹೋಗುತ್ತವೆ, ಅಷ್ಟೆ. ಅದಕ್ಕೆ ಕೊಡಬೇಕಾದದ್ದು ನಿಮ್ಮದೇ ಅಂಗಡಿಯ ಮುಂಭಾಗ. ನಡೆಯುವವರಿಗೆ ಕನಿಷ್ಠ 1.8 ಮೀಟರ್ ಬಿಡುವು ಬೇಕು ಅನ್ನುತ್ತದೆ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅಷ್ಟು ಜಾಗ ಎಲ್ಲಿಂದ ಅಂತೀರಾ? ಒಂದು ಬದಿಯ ಪಾರ್ಕಿಂಗ್ ತೆಗೆಯಿರಿ. ಬೇಜಾರು ಮಾಡ್ಕೋಬೇಡಿ, ನಾನು ಕೆಲಸ ಮಾಡಿದ ಊರುಗಳಲ್ಲೆಲ್ಲ ಬೆಳಗ್ಗೆಯಿಂದ ರಾತ್ರಿವರೆಗೆ ಅಂಗಡಿ ಮುಂದೆ ನಿಂತಿರುತ್ತಿದ್ದ ಗಾಡಿ ಬಹುಪಾಲು ಅಂಗಡಿಯವರದ್ದೇ!

ಪಾರ್ಕಿಂಗ್ ಕಟ್ಟಡ ಬೇಡವೇ ಬೇಡ ಅನ್ನುವುದಿಲ್ಲ. ಆದರೆ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕಡಿದು ಕಟ್ಟುವುದಾದರೆ ಖಂಡಿತ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಿಮ್ಮ ಊರಿನಲ್ಲೇ ಇಂದಿರಾನಗರ, ಚಾಮುಂಡೇಶ್ವರಿನಗರದವರು ಏನು ಅನುಭವಿಸಿದರು ಎಂದು ನಾನು ನಿಮಗೆ ಹೇಳಬೇಕಿಲ್ಲ. ಗುಡ್ಡದ ಬುಡ ಕಡಿದು, ಮೇಲಿನ ಮಳೆನೀರಿಗೆ ದಾರಿ ಬಿಡದಿದ್ದರೆ ತಡೆಗೋಡೆ ಎಷ್ಟು ದಪ್ಪ ಇದ್ದರೂ ಹಿಂದಿನಿಂದ ನೀರು ತಳ್ಳುತ್ತದೆ. ಗೋಡೆಯಲ್ಲಿ ನೀರು ಹೊರಬರಲು ತೂತು ಬಿಟ್ಟಿದ್ದಾರಾ ಅನ್ನುವುದನ್ನು ಯಾರು ಬೇಕಾದರೂ ನೋಡಬಹುದು, ಅದಕ್ಕೆ ಎಂಜಿನಿಯರೇ ಆಗಬೇಕಿಲ್ಲ.

ಚರಂಡಿ ವಿಷಯಕ್ಕೆ ಬಂದರೆ ನನ್ನದೇ ಒಂದು ತಪ್ಪು ಹೇಳಬೇಕು. ಮಲೆನಾಡಿನ ಒಂದು ಊರಿನಲ್ಲಿ ಪೇಟೆ ಬೀದಿಯ ಚರಂಡಿ ಮುಚ್ಚಿ ಚೆಂದದ ಫುಟ್‌ಪಾತ್ ಮಾಡಿಸಿದೆ. ಹೂಳು ತೆಗೆಯಲು ಅಲ್ಲಲ್ಲಿ ಎತ್ತುವ ಚಪ್ಪಡಿ ಇಡಬೇಕಿತ್ತು, ನೋಟ ಕೆಡುತ್ತದೆ ಅಂತ ಬಿಟ್ಟೆ. ಉದ್ಘಾಟನೆಗೆ ಎಲ್ಲರೂ ಹೊಗಳಿದರು. ಆ ಮಳೆಗಾಲದಲ್ಲೇ ನೀರು ಸೀದಾ ಅಂಗಡಿಗಳೊಳಗೆ ನುಗ್ಗಿತು. ದಿನಸಿ ಅಂಗಡಿಯವರೊಬ್ಬರು ನೆನೆದ ಸಕ್ಕರೆ ಚೀಲ ತಂದು ನಮ್ಮ ಕಚೇರಿ ಮೆಟ್ಟಿಲ ಮೇಲೆ ಇಟ್ಟು, ಮಾತಾಡದೆ ಹೋದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಇನ್ನು ಮುಂದಿನ ಬೆಳವಣಿಗೆ. ಮಡಿಕೇರಿಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 33 ಸಾವಿರ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ನೀರಿನ ಲೆಕ್ಕ ಹಾಕುತ್ತಾರೆ. ಆದರೆ ದಸರೆಗೆ ದಶಮಂಟಪಗಳ ಮೆರವಣಿಗೆ ನೋಡಲು ಬರುವವರು, ವಾರಾಂತ್ಯದ ಪ್ರವಾಸಿಗಳು ಗಣತಿಯಲ್ಲಿಲ್ಲ. ಹೋಟೆಲಿನ ಒಂದು ಹಾಸಿಗೆಗೆ 180 ಲೀಟರ್ ಹಿಡಿಯುವುದು ರೂಢಿ. ನೀರಾಗಲಿ, ಕಸವಾಗಲಿ, ಶೌಚಾಲಯವಾಗಲಿ, ಜನ ಜಾಸ್ತಿ ಇರುವ ದಿನದ ಲೆಕ್ಕ ಹಾಕಿ ಎಂದು ಕೇಳಿ. ನೀರಿನ ಕೊಳವೆಗೆ ಮುಂದಿನ 30 ವರ್ಷದ ಬೇಡಿಕೆಯ ಅಂದಾಜು ಹಾಕುತ್ತಾರೆ, ಪಂಪಿಗೆ 15. ಅಂದರೆ ಊರಿಗೆ ನೀರು ಕೊಡುವ ಕೂಟುಹೊಳೆ ಎಷ್ಟೇ ತುಂಬಿದ್ದರೂ, ಈಗ ಸಣ್ಣ ಕೊಳವೆ ಹೂತರೆ ನಿಮ್ಮ ಮಕ್ಕಳು ಅದೇ ರಸ್ತೆಯನ್ನು ಮತ್ತೆ ಅಗೆಯಬೇಕಾಗುತ್ತದೆ. ಕೊಳವೆ, ಒಳಚರಂಡಿ, ಕೇಬಲ್ ಎಲ್ಲ ಮುಗಿಯುವವರೆಗೆ ಡಾಂಬರು ಹಾಕಬೇಡಿ ಎಂದೂ ಬರೆಯಿರಿ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಅಂತ ಮಾತ್ರ ಬರೆಯಬೇಡಿ. ಶುಕ್ರವಾರ ನಿಮ್ಮ ಬೀದಿಗೆ ಜನ ಬರುವುದೇ ಸೊಪ್ಪು, ಒಣಮೀನಿನ ನೆಪದಲ್ಲಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಊರಿಗೊಂದು ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40 ಮಂದಿ ಆ ವ್ಯಾಪಾರಿಗಳೇ. ಅವರನ್ನೂ ಕೂರಿಸಿಕೊಂಡು ಜಾಗ ಗುರುತು ಮಾಡಿಸಿ.

ನಿಮ್ಮ ಮಾಳಿಗೆ ಖಾಲಿ ಇದೆಯಾ? ಹಳೇ ಸ್ಟಾಕ್ ತುಂಬಿಟ್ಟಿದ್ದೀರಾ? ಟೈಲರಿಗೋ, ಟ್ಯೂಷನ್ ಹೇಳುವವರಿಗೋ ಬಾಡಿಗೆಗೆ ಕೊಡಿ. ಸಂಜೆ ಮೇಲೆ ದೀಪ ಉರಿದರೆ ಕೆಳಗೂ ಜನ ಓಡಾಡುತ್ತಾರೆ. ಇದಕ್ಕೆ ಯಾರಿಗೂ ಅರ್ಜಿ ಹಾಕಬೇಕಿಲ್ಲ.

ಮನವಿ ಕೊಡುವ ದಿನವೇ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮ ಬೀದಿಯ ಚರಂಡಿ ನಕ್ಷೆಯನ್ನೂ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದರೆ ನನಗೊಂದು ಪ್ರತಿ ಕಳಿಸಿ, ನೀರು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೂತು ನೋಡೋಣ.