ಸಾಲ ಕೊಡುವವರ ಮತ, ಸಭೆಗೆ ಬರುವವರ ಮತ

ಪತ್ರ: ವಿಶ್ವಬ್ಯಾಂಕಿನ ಹಣದಲ್ಲಿ ರಸ್ತೆ, ನೀರು ಬರುವುದಾದರೆ ಗ್ರಾಮಸಭೆಯ ಒಪ್ಪಿಗೆಗೆ ಕಾಯುತ್ತ ಕೂರಬೇಕೇ? ಹಸಿದವನಿಗೆ ಮೊದಲು ಅನ್ನ, ಪ್ರಜಾಪ್ರಭುತ್ವ ಆಮೇಲೆ. – ಓದುಗರು, ಪೊನ್ನಂಪೇಟೆ

ಸಂಪಾದಕರ ಉತ್ತರ: ತಮ್ಮ ಅಕ್ಷರ ಮುದ್ದಾಗಿದೆ, ವಾದ ಮಾತ್ರ ಅವಸರದ್ದು. ಹೊರಗಿನ ನೆರವೆಲ್ಲ ಕೆಟ್ಟದ್ದೆಂದು ನಾನೂ ಹೇಳುವುದಿಲ್ಲ; ವಿಶ್ವ ಆರೋಗ್ಯ ಸಂಸ್ಥೆ ಜೊತೆಗೂಡದಿದ್ದರೆ 1975ರಲ್ಲೇ ಸಿಡುಬು ಈ ದೇಶದಿಂದ ತೊಲಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಆದರೆ 'ಅನ್ನ ಮೊದಲು' ಎಂಬ ಮಾತಿನ ನೆರಳಿನಲ್ಲೇ ಇಂಡೋನೇಷ್ಯಾದ ಸುಹಾರ್ತೊ ಮೂರು ದಶಕ ಆಳಿದರು, ಅವರಿಗೆ ಸಾಲವೂ ಧಾರಾಳವಾಗಿ ಹರಿಯಿತು. ತೀರಿಸುವ ಹೊಣೆ ಬಿದ್ದದ್ದು ಪ್ರಶ್ನಿಸುವ ಹಕ್ಕಿಲ್ಲದಿದ್ದ ಪ್ರಜೆಗಳ ಮೇಲೆ. ಅಷ್ಟು ದೂರವೇಕೆ, ನರ್ಮದೆಯನ್ನೇ ನೋಡಿ. ಸರ್ದಾರ್ ಸರೋವರಕ್ಕೆ 1985ರಲ್ಲಿ ವಿಶ್ವಬ್ಯಾಂಕ್ 45 ಕೋಟಿ ಡಾಲರ್ ಮಂಜೂರು ಮಾಡಿದಾಗ ಮುಳುಗುವ ಹಳ್ಳಿಗಳ ಮಾತಿಗೆ ಬೆಲೆಯಿರಲಿಲ್ಲ. ಹಳ್ಳಿಗರು ಬೀದಿಗಿಳಿದ ಮೇಲೆ ಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಪುನರ್ವಸತಿಯ ಹುಳುಕುಗಳನ್ನು ಬಿಚ್ಚಿಟ್ಟಿತು. ಮರುವರ್ಷ ಉಳಿದ ಸಾಲ ಬೇಡವೆಂದು ಭಾರತವೇ ಹೇಳಬೇಕಾಯಿತು. ಅಣೆಕಟ್ಟನ್ನು ಆಮೇಲೆ ನಮ್ಮ ಸರ್ಕಾರಗಳೇ ಮುಗಿಸಿದವು, ಆ ಕಹಿ ಬೇರೆ.

ತಾವು ಕಾಫಿ ಬೆಳೆಗಾರರೆಂದು ಬರೆದಿದ್ದೀರಿ, ಆದ್ದರಿಂದ ಇದು ತಮಗೆ ಬೇಗ ತಿಳಿದೀತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ತನಗೆ ಬೇಡವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಉದ್ದೇಶವೂ ಒಳ್ಳೆಯದೇ. ಆದರೂ ಮರದ ನೆರಳಿನಲ್ಲಿ ಎರಡು ಎಕರೆ ರೋಬಸ್ಟಾ ಬೆಳೆಯುವವರು ಮೊಬೈಲ್ ಹಿಡಿದು ತೋಟದ ಅಕ್ಷಾಂಶ, ರೇಖಾಂಶ ಗುರುತಿಸಬೇಕೆಂದು ತೀರ್ಮಾನಿಸಿದ ಸಭೆಗೆ ಕೊಡಗಿನಿಂದ ಯಾರೂ ಮತ ಹಾಕಿ ಕಳಿಸಿರಲಿಲ್ಲ.

ವಿಶ್ವಬ್ಯಾಂಕಿನಲ್ಲಿ ಯಾರ ಷೇರು ಹೆಚ್ಚೋ ಅವರ ಮತವೇ ಭಾರ. ನಮ್ಮ ಗ್ರಾಮಸಭೆಯಲ್ಲಿ ಇನ್ನೂರು ಎಕರೆಯ ಸಾಹುಕಾರರಿಗೂ ಅವರ ಲೈನ್‌ಮನೆಯ ಕೆಲಸದಾಕೆಗೂ ಒಂದೊಂದೇ ಮತ. ತಾವು 'ಆಮೇಲೆ' ಎಂದು ಪಕ್ಕಕ್ಕಿಡುತ್ತಿರುವುದು ಇದನ್ನು.

ಇದನ್ನಾದರೂ ನಾವು ಉಳಿಸಿಕೊಂಡಿದ್ದೇವೆಯೇ ಎಂದರೆ ನನ್ನ ಸಿಟ್ಟು ದೆಹಲಿ, ಬೆಂಗಳೂರುಗಳ ಕಡೆಗೂ ತಿರುಗುತ್ತದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಕಳೆದ ಮಳೆಗಾಲದಲ್ಲಿ ಒಂದು ಪಂಚಾಯಿತಿಯ ಗೋಡೆಯ ಮೇಲೆ ಹದಿನೇಳು ಬಣ್ಣಗಳಲ್ಲಿ ಬರೆಸಿದ್ದನ್ನು ಕಂಡೆ. ಕೆಳಗೆ ಮೇಜಿನ ಮೇಲೆ ಗ್ರಾಮಸಭೆಯ ನಡಾವಳಿ ಪುಸ್ತಕವಿತ್ತು. ಸಭೆಗೆ ಹನ್ನೊಂದು ಮಂದಿ ಬಂದಿದ್ದರು. ಕೋರಂ ತುಂಬಿಸಲು ಉಳಿದ ಸಹಿಗಳಿಗಾಗಿ ಅಟೆಂಡರ್ ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಛತ್ರಿ ಹಿಡಿದು ಮನೆಮನೆಗೆ ಹೊರಟರು.