ಓದುಗರ ಪ್ರಶ್ನೆ: ಮಿಷಿಗನ್ ಸರೋವರದ ಸಾಲ್ಮನ್, ಗಾಳ ಮತ್ತು ಮರಿ ಬಿತ್ತನೆ

ಅಮೆರಿಕದ ಮಹಾಸರೋವರಗಳಲ್ಲಿ ಗಾಳ ಹಾಕುವುದರ ಬಗ್ಗೆ, ಅಲ್ಲಿನ ಮೀನು ಸಂಪತ್ತನ್ನು ನೋಡಿಕೊಳ್ಳುವ ಬಗೆಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ. ಕೊನೆಯ ಪ್ರಶ್ನೆ ಮಾತ್ರ ಶಿವಮೊಗ್ಗದ್ದು.

ಪ್ರಶ್ನೆ: ಜುಲೈ ತಿಂಗಳಲ್ಲಿ ವಾಕೀಗನ್ ಬಂದರಿನಿಂದ ದೋಣಿಯಲ್ಲಿ ಹೋಗುತ್ತೇವೆ. ಸೋನಾರ್ ಪರದೆಯಲ್ಲಿ ಮೀನು ಕಾಣುತ್ತದೆ, ಆದರೆ ಗಾಳಕ್ಕೆ ಬಾಯಿ ಹಾಕುವುದಿಲ್ಲ. ಗಾಳವನ್ನು ಆಳಕ್ಕೆ ಒಯ್ಯುವ ಡೌನ್‌ರಿಗ್ಗರ್ ಸಾಧನದ ಗುಂಡನ್ನು 60 ಅಡಿಗೆ ಇಳಿಸಿ, ಗಂಟೆಗೆ 2.5 ಮೈಲಿ ವೇಗದಲ್ಲಿ ಎಳೆಯುತ್ತೇವೆ. ತಪ್ಪು ಎಲ್ಲಿದೆ?
— ನೇಪರ್‌ವಿಲ್, ಇಲಿನಾಯ್

ಉತ್ತರ: ಆ ಎರಡೂ ಅಂಕಿಗಳನ್ನು ನೆಚ್ಚಿಕೊಳ್ಳಬೇಡಿ. ಕೌಂಟರ್ ತೋರಿಸುವುದು ನೀವು ಬಿಟ್ಟ ತಂತಿಯ ಉದ್ದವನ್ನು, ಗುಂಡು ಇರುವ ಆಳವನ್ನಲ್ಲ. ನೀರಿನ ಸೆಳೆತಕ್ಕೆ ತಂತಿ ಹಿಂದಕ್ಕೆ ಓರೆಯಾಗುತ್ತದೆ, ಗುಂಡು 60 ಅಡಿಗಿಂತ ಮೇಲೇ ಉಳಿಯುತ್ತದೆ. 8 ಪೌಂಡಿನ ಗುಂಡು ಬಳಸುತ್ತಿದ್ದರೆ 12 ಪೌಂಡಿನದನ್ನು ಹಾಕಿ. ವೇಗವೂ ಹಾಗೆಯೇ. ಜಿಪಿಎಸ್ ಹೇಳುವುದು ದೋಣಿಯ ವೇಗ. ಅಡಿಯಲ್ಲಿ ಎದುರು ಹರಿವಿದ್ದರೆ ಸ್ಪೂನು (ಮೀನನ್ನು ಸೆಳೆಯುವ ಚಮಚದಾಕಾರದ ಲೋಹದ ಗಾಳ) ಗಿರಗಿರನೆ ಸುತ್ತುತ್ತದೆ, ಜೊತೆ ಹರಿವಿದ್ದರೆ ಜೀವವಿಲ್ಲದೆ ನೇತಾಡುತ್ತದೆ. ಎರಡನ್ನೂ ಮೀನು ಮೂಸುವುದಿಲ್ಲ. ಗುಂಡಿನ ಪಕ್ಕದಲ್ಲೇ ವೇಗ, ಉಷ್ಣತೆ ಎರಡನ್ನೂ ಅಳೆಯುವ ಪ್ರೋಬ್ ಕಟ್ಟುವುದು ಉತ್ತಮ. ಅದಿಲ್ಲವಾದರೆ ದಿಕ್ಕು ಬದಲಿಸಿ ನೋಡಿ. ಉತ್ತರಕ್ಕೆ ಹೋಗುವಾಗ ಕಚ್ಚಿ, ದಕ್ಷಿಣಕ್ಕೆ ತಿರುಗಿದಾಗ ಸುಮ್ಮನಾದರೆ ಕೆಳಗಿನ ಹರಿವೇ ಕಾರಣ ಎಂದು ತಿಳಿಯಿರಿ.

ಆಳವನ್ನು ಉಷ್ಣತೆ ನೋಡಿ ನಿರ್ಧರಿಸಬೇಕು. ಚಿನೂಕ್ ಸಾಲ್ಮನ್‌ಗೆ ಹಿತವಾದದ್ದು 10ರಿಂದ 13 ಡಿಗ್ರಿ ಸೆಲ್ಸಿಯಸ್ ನೀರು. ಆ ಪದರ ಗಾಳಿಯ ಜೊತೆ ಏರಿಳಿಯುತ್ತದೆ. ನಿಮ್ಮ ಪಶ್ಚಿಮ ದಂಡೆಯಲ್ಲಿ ನೈರುತ್ಯದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಮೇಲಿನ ಬಿಸಿನೀರು ನಡುನೀರಿಗೆ ಸರಿದು, ತಳದ ತಣ್ಣೀರು ದಡದ ಹತ್ತಿರ ಮೇಲೆ ಬರುತ್ತದೆ. ಆಗ 30 ಅಡಿಯಲ್ಲೂ ಮೀನು ಸಿಗಬಹುದು. ಈಶಾನ್ಯದ ಗಾಳಿಯಾದರೆ ಬಿಸಿನೀರು ದಡಕ್ಕೆ ಒತ್ತಿಕೊಂಡು ತಣ್ಣೀರು ಆಳಕ್ಕೆ ಹೋಗುತ್ತದೆ. ಹೀಗಾಗಿ ನಿನ್ನೆ ಫಲಿಸಿದ ಆಳ ಇವತ್ತು ಕೈಕೊಡುತ್ತದೆ. ಗಾಳವನ್ನು ಪರದೆಯಲ್ಲಿ ಮೀನು ಕಾಣುವ ಆಳಕ್ಕಿಂತ ಐದು ಹತ್ತು ಅಡಿ ಮೇಲೆ ಇಡಿ. ಸಾಲ್ಮನ್ ಮೇಲೇರಿ ಹಿಡಿಯುತ್ತದೆ, ಇಳಿದು ಹಿಡಿಯುವುದು ಅಪರೂಪ.

ಇನ್ನೊಂದು ಮಾತು. ಬೇಸಿಗೆಯ ಕೊನೆಯಲ್ಲಿ ದಾರಕ್ಕೆ ಒದ್ದೆ ಹತ್ತಿಯಂಥ ಮುದ್ದೆಗಳು ಅಂಟುತ್ತವೆ. ಅವು ಹಡಗುಗಳ ನಿಲುಭಾರದ ನೀರಿನ ಜೊತೆ ಬಂದ, ಮುಳ್ಳಿನಂಥ ಬಾಲವಿರುವ ನೀರುಚಿಗಟಗಳು. ಕಡ್ಡಿಯ ತುದಿಯ ಉಂಗುರದಲ್ಲಿ ಮುದ್ದೆ ಸಿಕ್ಕಿಕೊಂಡರೆ ರೀಲು ಸುತ್ತಲು ಬಾರದೆ, ಕಚ್ಚಿದ ಮೀನು ದೋಣಿಯ ಹತ್ತಿರ ಬಂದು ತಪ್ಪಿಹೋಗುತ್ತದೆ. ತೆಳುವಾದ ಹೆಣೆದ ದಾರಕ್ಕೆ ಇವು ಹೆಚ್ಚು ಅಂಟುತ್ತವೆ. 30 ಪೌಂಡ್ ಭಾರ ತಡೆಯುವ, ಒಂಟಿ ಎಳೆಯ ದಪ್ಪ ಮಾನೊ ದಾರ ಹಾಕಿ, ಆಗಾಗ ಬೆರಳಿನಿಂದ ಸವರಿ ತೆಗೆಯುತ್ತಿರಿ.

ಪ್ರಶ್ನೆ: ಪ್ರತಿ ವರ್ಷ ಲೈಸೆನ್ಸಿಗೆ, ಸಾಲ್ಮನ್ ಹಿಡಿಯಲು ಬೇಕಾದ ಸ್ಟಾಂಪಿಗೆ ಹಣ ಕಟ್ಟುತ್ತೇವೆ. ಹೀಗಿದ್ದೂ ಹಿಂದೆ ಚಿನೂಕ್ ಮರಿಗಳ ಬಿತ್ತನೆಯನ್ನು ಅರ್ಧಕ್ಕೆ ಇಳಿಸಿದ್ದೇಕೆ? ಹೆಚ್ಚು ಮರಿ ಬಿಟ್ಟರೆ ಹೆಚ್ಚು ಮೀನು ಸಿಗಬೇಕಲ್ಲವೇ?
— ಮಿಲ್ವಾಕಿ, ವಿಸ್ಕಾನ್ಸಿನ್

ಉತ್ತರ: ಸಿಗುವುದಿಲ್ಲ. ಬಿಟ್ಟ ಪ್ರತಿಯೊಂದು ಮರಿಯೂ ತಿನ್ನುವ ಬಾಯಿ. ಸರೋವರದಲ್ಲಿ ಅದಕ್ಕೆ ಎಷ್ಟು ಆಹಾರವಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸಾಲ್ಮನ್ ಇಲ್ಲಿನ ಮೂಲದ ಮೀನಲ್ಲ. ಅಟ್ಲಾಂಟಿಕ್ ಕಡೆಯಿಂದ ವೆಲ್ಯಾಂಡ್ ಕಾಲುವೆ ದಾಟಿ ಬಂದ ಲ್ಯಾಂಪ್ರಿ ಎಂಬ ರಕ್ತ ಹೀರುವ ಮೀನು, ಮಿತಿಮೀರಿದ ಮೀನುಗಾರಿಕೆಯ ಜೊತೆ ಸೇರಿ, 1950ರ ದಶಕದ ಹೊತ್ತಿಗೆ ಮಿಷಿಗನ್ ಸರೋವರದ ಲೇಕ್ ಟ್ರೌಟ್ ಎಂಬ ಬೇಟೆಗಾರ ಮೀನನ್ನು ನಿರ್ನಾಮ ಮಾಡಿತು. ಬೇಟೆಗಾರ ಮೀನು ಇಲ್ಲವಾದ ಮೇಲೆ ಏಲ್‌ವೈಫ್ ಎಂಬ ಸಣ್ಣ ಮೀನು ಲೆಕ್ಕ ತಪ್ಪಿ ಬೆಳೆಯಿತು. 1967ರಲ್ಲಿ ಅದು ರಾಶಿ ರಾಶಿಯಾಗಿ ಸತ್ತು ದಂಡೆಗಳು ಕೊಳೆತು ನಾರಿದವು. ಏಲ್‌ವೈಫನ್ನು ತಿನ್ನಿಸಲೆಂದೇ ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥ ಹೋವರ್ಡ್ ಟ್ಯಾನರ್ ಅದಕ್ಕೆ ಒಂದು ವರ್ಷ ಮೊದಲೇ, 1966ರಲ್ಲಿ, ಪೆಸಿಫಿಕ್ ಕರಾವಳಿಯ ಕೋಹೋ ಸಾಲ್ಮನ್ ಬಿಡಿಸಿದರು. ಮರುವರ್ಷ ಚಿನೂಕ್ ಬಂತು. ಲ್ಯಾಂಪ್ರಿಯ ಮರಿಗಳನ್ನು ತೊರೆಗಳಲ್ಲೇ ಕೊಲ್ಲುವ ಟಿಎಫ್ಎಂ ಎಂಬ ಔಷಧ 1958ರಿಂದ ಬಳಕೆಯಲ್ಲಿತ್ತು. ಅದಿಲ್ಲದಿದ್ದರೆ ಈ ಸಾಲ್ಮನ್‌ಗಳೂ ಉಳಿಯುತ್ತಿರಲಿಲ್ಲ.

ಚಿನೂಕ್‌ನ ದೌರ್ಬಲ್ಯವೆಂದರೆ ಅದು ಹೆಚ್ಚುಕಡಿಮೆ ಏಲ್‌ವೈಫ್ ಒಂದನ್ನೇ ನಂಬಿ ಬದುಕುತ್ತದೆ. ಲೇಕ್ ಟ್ರೌಟ್ ಆದರೆ ತಳದ ಗೋಬಿ ಮೀನನ್ನೂ ತಿಂದು ಸುಧಾರಿಸಿಕೊಳ್ಳುತ್ತದೆ. ಏಲ್‌ವೈಫ್‌ಗೆ ಬೇಕಾದ ಸೂಕ್ಷ್ಮಜೀವಿಗಳ ಆಹಾರವನ್ನು ಈಗ ತಳದಲ್ಲಿ ಹಾಸಿಕೊಂಡಿರುವ ಕ್ವಾಗಾ ಎಂಬ ಚಿಪ್ಪುಜೀವಿ ಸೋಸಿ ಮುಗಿಸುತ್ತಿದೆ. ನೀರು ಚೆನ್ನಾಗಿ ತಿಳಿಯಾಗಿದೆ ಎಂದು ಖುಷಿಪಡುವವರಿದ್ದಾರೆ. ಆ ತಿಳಿನೀರು ಮೀನಿನ ಪಾಲಿಗೆ ಖಾಲಿ ತಟ್ಟೆ. ಪಕ್ಕದ ಹ್ಯೂರನ್ ಸರೋವರದಲ್ಲಿ 2003–04ರಲ್ಲಿ ಏಲ್‌ವೈಫ್ ಕುಸಿಯಿತು. ಅದರ ಬೆನ್ನಿಗೇ ಚಿನೂಕ್ ಬಡಕಲಾಗಿ ಕ್ಷೀಣಿಸಿತು. ದಂಡೆಯ ಊರುಗಳ ಬಾಡಿಗೆ ದೋಣಿಗಳಿಗೆ ಕೆಲಸ ತಪ್ಪಿತು.

ಮಿಷಿಗನ್ ಸರೋವರಕ್ಕೆ ಆ ಗತಿ ಬಾರದಿರಲೆಂದು 2013ರಲ್ಲಿ ಬಿತ್ತನೆ ಕಡಿತವಾಯಿತು. ಲೆಕ್ಕ ಹಾಕುವುದು ಹೀಗೆ: ಸರೋವರದಲ್ಲಿರುವ ಚಿನೂಕ್‌ನ ಒಟ್ಟು ತೂಕವನ್ನು ಏಲ್‌ವೈಫ್‌ನ ಒಟ್ಟು ತೂಕದಿಂದ ಭಾಗಿಸುತ್ತಾರೆ. ಗುರಿ 0.05, ಅಂದರೆ 20 ಕಿಲೋ ಏಲ್‌ವೈಫ್‌ಗೆ ಒಂದು ಕಿಲೋ ಚಿನೂಕ್. 0.10ರತ್ತ ಹೋದರೆ ಅಪಾಯ. ಇದರ ಮೇಲೆ ಅರ್ಧಕ್ಕಿಂತ ಹೆಚ್ಚು ಚಿನೂಕ್‌ಗಳು ತೊರೆಗಳಲ್ಲೇ ತಾವಾಗಿ ಹುಟ್ಟುತ್ತಿವೆ. ಅವುಗಳ ಸಂಖ್ಯೆ ಯಾರ ಕೈಯಲ್ಲೂ ಇಲ್ಲ, ಕೈಯಲ್ಲಿರುವುದು ಮರಿಕೇಂದ್ರದ ನಲ್ಲಿ ಮಾತ್ರ. ಸ್ಥಿತಿ ಸುಧಾರಿಸಿದ ಮೇಲೆ ಬಿತ್ತನೆಯನ್ನು ಮತ್ತೆ ಹೆಚ್ಚಿಸಿದ್ದಾರೆ. ಕಡಿತವನ್ನು ಗಾಳದವರ ಮೇಲಿನ ಸಿಟ್ಟೆಂದು ನೋಡುವುದು ಸರಿಯಲ್ಲ.

ಪ್ರಶ್ನೆ: ಬೆನ್ನಿನ ಸಣ್ಣ ರೆಕ್ಕೆ ಕತ್ತರಿಸಿದ ಸಾಲ್ಮನ್ ಸಿಕ್ಕಿತು. ಇದೇನು?
— ಮಸ್ಕೀಗನ್, ಮಿಷಿಗನ್

ಉತ್ತರ: ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಮೆತ್ತಗಿನ ಪುಟ್ಟ ರೆಕ್ಕೆ ಇರುತ್ತದೆ. ಅದನ್ನು ಕತ್ತರಿಸಿದ್ದರೆ ಅದು ಮರಿಕೇಂದ್ರದ ಮೀನು. ಮೂತಿಯೊಳಗೆ ಸುಮಾರು ಒಂದು ಮಿ.ಮೀ. ಉದ್ದದ, ಸಂಕೇತ ಕೊರೆದ ಉಕ್ಕಿನ ತಂತಿ ಇರುವ ಸಾಧ್ಯತೆ ಹೆಚ್ಚು. ಕಣ್ಣಿನ ಹಿಂದಕ್ಕೆ ತಲೆ ಕತ್ತರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಮೀನಿನ ಜಾತಿ, ಉದ್ದ, ತೂಕ, ಹಿಡಿದ ದಿನ, ಜಾಗ ಬರೆದ ಚೀಟಿ ಜೊತೆಗಿರಲಿ. ಫ್ರೀಜರಿನಲ್ಲಿಟ್ಟು, ರಾಜ್ಯದ ಮೀನು ಇಲಾಖೆ ಗೊತ್ತುಮಾಡಿದ ಜಾಗಕ್ಕೆ ತಲುಪಿಸಿ. ಮೇಲೆ ಹೇಳಿದ ಲೆಕ್ಕಗಳಿಗೆ ಇಂಥ ತಲೆಗಳೇ ಆಧಾರ.

ಪ್ರಶ್ನೆ: ಈ ಮೀನನ್ನು ನಮ್ಮ ಮನೆಯ ಕ್ರಮದಲ್ಲಿ ಸಾರು ಮಾಡಬಹುದೇ?
— ಶಿಕಾಗೊ

ಉತ್ತರ: ದೊಡ್ಡ ಮೀನಿನ ತಲೆ ಸಾರು ಬೇಡ. ಪಿಸಿಬಿ ಎಂಬ ಹಳೆಯ ಕೈಗಾರಿಕಾ ವಿಷ ಈ ಸರೋವರದ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಸಾರಿಗೆ ಹಾಕಿದರೆ ಕರಗಿದ ಕೊಬ್ಬೆಲ್ಲ ತಟ್ಟೆಗೇ ಬರುತ್ತದೆ. ಚರ್ಮ, ಹೊಟ್ಟೆಯ ಅಂಚು, ಬೆನ್ನಿನ ಮೇಲಿನ ಕೊಬ್ಬು, ಪಕ್ಕದ ಕಡುಬಣ್ಣದ ಗೆರೆ ಇಷ್ಟನ್ನೂ ತೆಗೆದು, ಕೊಬ್ಬು ಕೆಳಗೆ ಸುರಿದುಹೋಗುವಂತೆ ಕಂಬಿಯ ಮೇಲೆ ಮಸಾಲೆ ಸವರಿ ಸುಡಿ. ಪಾದರಸ ಮಾಂಸದಲ್ಲೇ ಇರುವುದರಿಂದ ಅದು ಹೀಗೆ ಹೋಗುವುದಿಲ್ಲ. ಗರ್ಭಿಣಿಯರು, ಮಕ್ಕಳು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂಬ ರಾಜ್ಯದ ಪಟ್ಟಿಯನ್ನು ನೋಡಿಯೇ ಅಡುಗೆ ಮಾಡಿ.

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನಲ್ಲೂ ಸಾಲ್ಮನ್ ಬಿಟ್ಟು ಗಾಳದ ಪ್ರವಾಸೋದ್ಯಮ ಬೆಳೆಸಬಹುದಲ್ಲವೇ?
— ಶಿವಮೊಗ್ಗ

ಉತ್ತರ: ಸಾಲ್ಮನ್ ಅಲ್ಲಿ ಬದುಕುವುದಿಲ್ಲ. 25 ಡಿಗ್ರಿಯ ನೀರೇ ಅದಕ್ಕೆ ಮಾರಕ. ಬದುಕುವಂಥ ಹೊರಗಿನ ಮೀನು ಬಿಡುವುದು ಇನ್ನೂ ಅಪಾಯ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ನಿಷೇಧಿಸಿರುವುದು ಇದಕ್ಕೇ. ಒಂದು ನದಿಯ ಮೀನನ್ನು ಇನ್ನೊಂದು ನದಿಗೆ ಬಿಟ್ಟರೂ ಹಾನಿಯಾಗುತ್ತದೆ. ಕಾವೇರಿಗೆ ಬೇರೆ ಕಡೆಯ ನೀಲಿರೆಕ್ಕೆಯ ಮಶೀರ್ ಮರಿ ಬಿಟ್ಟ ಮೇಲೆ ಅಲ್ಲಿನದೇ ಆದ ಗೂನುಬೆನ್ನಿನ ಮಶೀರ್ ವಿರಳವಾಗುತ್ತ ಬಂತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2018ರಲ್ಲಿ ಗೂನುಬೆನ್ನಿನ ಮಶೀರನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

5,000 ಹೆಕ್ಟೇರ್ ಮೀರಿದ ಜಲಾಶಯವನ್ನು ದೊಡ್ಡದೆಂದು ಎಣಿಸುತ್ತಾರೆ. ಲಿಂಗನಮಕ್ಕಿ ಅದರ ಹಲವು ಪಟ್ಟು ದೊಡ್ಡದು. ಅಷ್ಟು ನೀರನ್ನು ಬಿತ್ತನೆಯಿಂದಲೇ ತುಂಬಿಸಲಾಗದು, ಮೀನು ಅಲ್ಲೇ ಮೊಟ್ಟೆಯಿಡಬೇಕು. ಮುಂಗಾರಿನಲ್ಲಿ ಹೊಳೆ ಬಂದು ಸೇರುವ ಬಾಯಿಗಳಿಗೆ ಅಡ್ಡಬಲೆ ಕಟ್ಟುವುದನ್ನು ತಡೆಯುವುದು ಮೊದಲ ಕೆಲಸ. ಇಲಾಖೆಯ ಒಪ್ಪಿಗೆಯೊಂದಿಗೆ ಮರಿ ಬಿಡುವುದೇ ಆದರೆ 10 ಸೆಂ.ಮೀ.ಗಿಂತ ಉದ್ದದವನ್ನೇ ಬಿಡಿ; ಅದಕ್ಕಿಂತ ಚಿಕ್ಕವು ಬೇಟೆಗಾರ ಮೀನಿನ ಪಾಲು. ಚೀಲವನ್ನು ಬಿಚ್ಚದೆ 15–20 ನಿಮಿಷ ನೀರಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಜಲಾಶಯದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಬೆಳಗಿನ ತಂಪಿನಲ್ಲಿ, ಗಿಡಗಂಟಿ ಮುಳುಗಿರುವ ಆಳವಿಲ್ಲದ ಮೂಲೆಗಳಲ್ಲಿ ಹಂಚಿ ಬಿಡಿ. ಒಂದೇ ಕಡೆ ಸುರಿದರೆ ನೀರುಕಾಗೆಗಳು ಮಧ್ಯಾಹ್ನದೊಳಗೆ ಅಲ್ಲಿ ಸೇರಿರುತ್ತವೆ.